ಕೊಂಬುಚಾ ಜಾರ್ ತೊಳೆದಿರಿ ಸರಿ, ಅದರ ನಲ್ಲಿ ಬಿಚ್ಚಿ ನೋಡಿದಿರಾ? ಸ್ವಚ್ಛಗೊಳಿಸುವ ಕ್ರಮ ಇಲ್ಲಿದೆ

ಮುಂಬೈ: ಮುಲುಂಡ್‌ನ ಕನ್ನಡಿಗರ ಅಡುಗೆ ಮನೆಗೆ ಹುದುಗಿಸುವ ಕೆಲಸ ಹೊಸದಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಉಬ್ಬಿ ಪಾತ್ರೆಯಿಂದ ಹೊರಗೆ ಬಂದಿರುತ್ತದೆ. ಮೇ ತಿಂಗಳಲ್ಲಂತೂ ನಾಲ್ಕೈದು ಗಂಟೆಯೇ ಸಾಕು. ಆದರೆ ಈಗ ಅದೇ ಕಟ್ಟೆಯ ಮೇಲೆ ಇನ್ನೊಂದು ವಸ್ತು ಬಂದು ಕೂತಿದೆ: ಕೆಳಗೆ ನಲ್ಲಿ ಇರುವ ದೊಡ್ಡ ಗಾಜಿನ ಜಾರ್. ಒಳಗೆ ಸಿಹಿ ಚಹಾ, ಮೇಲೆ ದೋಸೆಯಂತೆ ತೇಲುವ ಬಿಳಿ ಪದರ. ಇದೇ ಕೊಂಬುಚಾ. ಕೆಲವರ ಮನೆಯಲ್ಲಿ ಶುಂಠಿ ಪಾನೀಯ, ಉತ್ತರ ಭಾರತೀಯರ ನೆರೆಮನೆಯಿಂದ ಕಲಿತ ಕ್ಯಾರೆಟ್ ಕಾಂಜಿ ಕೂಡ ಇದೇ ಜಾರ್‌ನಲ್ಲಿ ತಯಾರಾಗುತ್ತದೆ.

ಇಡ್ಲಿ ಹಿಟ್ಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಿಟ್ಟು ಹುದುಗಿದ ಮೇಲೆ ಆವಿಯಲ್ಲಿ ಬೇಯುತ್ತದೆ, ಪಾತ್ರೆಯಲ್ಲಿ ಸ್ವಲ್ಪ ಕೊಳೆ ಉಳಿದಿದ್ದರೂ ಆ ಶಾಖದಲ್ಲಿ ಬಹುಪಾಲು ಸೂಕ್ಷ್ಮಾಣುಗಳು ಸಾಯುತ್ತವೆ. ಕೊಂಬುಚಾ ಬೇಯುವುದಿಲ್ಲ. ನಲ್ಲಿಯಿಂದ ನೇರ ಲೋಟಕ್ಕೆ, ಲೋಟದಿಂದ ಹೊಟ್ಟೆಗೆ. ಅಂದರೆ ಕುಡಿಯುವ ಪ್ರತಿ ಹನಿಯೂ ಆ ನಲ್ಲಿಯೊಳಗಿನಿಂದಲೇ ಹಾದು ಬರಬೇಕು. ಇಡೀ ಜಾರ್‌ನಲ್ಲಿ ಯಾರೂ ತೊಳೆಯದ ಜಾಗವೂ ಅದೇ.

ಬಿಯರ್ ಮಾಡುವಂತಿಲ್ಲ

ಹೀಗೆ ನಲ್ಲಿ ಇರುವ ಪಾತ್ರೆಗಳನ್ನು ವಿದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಹೆಚ್ಚು ಬಳಸುತ್ತಾರೆ. ಅದನ್ನು ನೋಡಿ ಇಲ್ಲೂ ಪ್ರಯತ್ನಿಸುವ ಮುನ್ನ ಕಾನೂನು ತಿಳಿದಿರಲಿ. ಈಗ ಮಹಾರಾಷ್ಟ್ರ ಮದ್ಯನಿಷೇಧ ಕಾಯ್ದೆ ಎಂದು ಕರೆಯಲಾಗುವ 1949ರ ಬಾಂಬೆ ಮದ್ಯನಿಷೇಧ ಕಾಯ್ದೆಯ 12ನೇ ಸೆಕ್ಷನ್ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದನ್ನು ನಿಷೇಧಿಸುತ್ತದೆ. ಮಾರಾಟಕ್ಕಲ್ಲ, ನಮ್ಮ ಮನೆಗಷ್ಟೇ ಎಂದರೂ ವಿನಾಯಿತಿ ಇಲ್ಲ. ಮದ್ಯ ತಯಾರಿಸುವ ಉದ್ದೇಶದಿಂದ ಸಲಕರಣೆ ಇಟ್ಟುಕೊಳ್ಳುವುದೂ ಅಪರಾಧವೇ.

ಕೊಂಬುಚಾದಲ್ಲೂ ಅಲ್ಪ ಪ್ರಮಾಣದ ಆಲ್ಕೋಹಾಲ್ ಹುಟ್ಟುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದ ಪ್ರಕಾರ ಶೇ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅದು ಮದ್ಯಯುಕ್ತ ಪಾನೀಯ. ಸಕ್ಕರೆ ಅಥವಾ ಹಣ್ಣಿನ ರಸ ಸೇರಿಸಿ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ಮುಂಬೈ ಸೆಕೆಯಲ್ಲಿ ದಿನಗಟ್ಟಲೆ ಹೊರಗಿಟ್ಟರೆ ಈ ಗೆರೆ ದಾಟುವುದು ಕಷ್ಟವೇನಲ್ಲ. 2010ರಲ್ಲಿ ಅಮೆರಿಕದ ಅಂಗಡಿಗಳು ಇದೇ ಕಾರಣಕ್ಕೆ ಕೊಂಬುಚಾ ಬಾಟಲಿಗಳನ್ನು ಕಪಾಟಿನಿಂದ ತೆಗೆದಿದ್ದವು. ನಲ್ಲಿಯಿಂದ ತೆಗೆದದ್ದನ್ನು ಕೂಡಲೇ ಫ್ರಿಜ್‌ಗೆ ಸೇರಿಸುವುದು ಒಳ್ಳೆಯದು.

ನಲ್ಲಿಯೊಳಗೆ ಏನಾಗುತ್ತದೆ?

ಹೆಚ್ಚಿನವರು ಕೊಂಬುಚಾ ಜಾರ್ ಅನ್ನು ಪೂರ್ತಿ ಖಾಲಿ ಮಾಡುವುದೇ ಇಲ್ಲ. ಒಂದು ಲೀಟರ್ ತೆಗೆದರೆ ಒಂದು ಲೀಟರ್ ಆರಿದ ಸಿಹಿ ಚಹಾ ಸುರಿಯುತ್ತಾರೆ. ಅನುಕೂಲದ ವಿಧಾನವೇ. ಆದರೆ ಜಾರ್ ಖಾಲಿಯಾಗದಿದ್ದರೆ ನಲ್ಲಿ ಬಿಚ್ಚಲಾಗುವುದಿಲ್ಲ. ಹೀಗೆ ತಿಂಗಳುಗಳು ಉರುಳುತ್ತವೆ.

ನಲ್ಲಿ ಮುಚ್ಚಿದಾಗ ಎರಡು ಕಡೆ ದ್ರವ ಉಳಿಯುತ್ತದೆ. ಜಾರ್ ಕಡೆಯ ಕೊಳವೆಯಲ್ಲಿ ಯೀಸ್ಟ್‌ನ ಕಂದು ಎಳೆಗಳು ಇಳಿದು ಗಂಟಾಗುತ್ತವೆ. ಹಲವು ಬಾರಿ ಬಿಳಿ ಪದರವೇ ಅಲ್ಲಿ ಬೆಳೆದು ದಾರಿಯನ್ನು ಕಟ್ಟಿಬಿಡುತ್ತದೆ. 'ನಲ್ಲಿ ತಿರುಗಿಸಿದರೆ ಸಣ್ಣ ಎಳೆಯಂತೆ ಬರ್ತಿದೆ' ಎನ್ನುವ ದೂರಿಗೆ ಮುಖ್ಯ ಕಾರಣ ಇದೇ. ಇದರಿಂದ ರುಚಿ ಕೆಡಬಹುದು, ಅಪಾಯ ಕಡಿಮೆ.

ತೊಂದರೆ ಇರುವುದು ಹೊರಗಿನ ಮೂತಿಯಲ್ಲಿ. ಅಲ್ಲಿ ಉಳಿದ ಹನಿಗೆ ಗಾಳಿ ಸಿಗುತ್ತದೆ, ಅರ್ಧ ಒಣಗುತ್ತದೆ, ಮೇಲೆ ಮತ್ತೆ ಹನಿ ಬೀಳುತ್ತದೆ. ಹಣ್ಣಿನ ನೊಣಗಳು ಬಂದು ಕೂರುವುದೂ ಅಲ್ಲಿಯೇ. ಸೂಕ್ಷ್ಮಾಣುಗಳು ಒಂದಕ್ಕೊಂದು ಅಂಟಿಕೊಂಡು ಲೋಳೆಯಂಥ ಪದರ ಕಟ್ಟುತ್ತವೆ, ವಿಜ್ಞಾನದಲ್ಲಿ ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಚಪ್ಪಲಿಯ ಮೇಲೂ ಬೂಷ್ಟು ಬರುವ ಮುಂಬೈ ಮಳೆಗಾಲದಲ್ಲಿ, ಈ ಮೂತಿಯೊಳಗೆ ಕಪ್ಪು ಚುಕ್ಕೆ ಕಾಣಿಸಿಕೊಳ್ಳಲು ಹೆಚ್ಚು ದಿನ ಬೇಕಿಲ್ಲ. ಬೆಳೆದ ಕೊಂಬುಚಾದ ಹುಳಿ, ಅಂದರೆ 4.2ಕ್ಕಿಂತ ಕಡಿಮೆ ಪಿಎಚ್, ಜಾರ್ ಒಳಗಿನ ದ್ರವವನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಮೂತಿಯ ಅಂಚಿನಲ್ಲಿ ಒಣಗಿದ ಪದರಕ್ಕೆ ಆ ರಕ್ಷಣೆ ಇಲ್ಲ.

ಬಯೋಫಿಲ್ಮ್ ಮೇಲೆ ಎಷ್ಟು ಸ್ಯಾನಿಟೈಸರ್ ಸುರಿದರೂ ಮೇಲ್ಪದರವಷ್ಟೇ ಸಾಯುತ್ತದೆ. ಆದ್ದರಿಂದ ಮೊದಲು ತಿಕ್ಕಿ ತೊಳೆಯಬೇಕು, ಆಮೇಲಷ್ಟೇ ಸೋಂಕು ನಿವಾರಣೆ. ಕೊಳೆಯಾದ ನಲ್ಲಿಗೆ ಬಿಸಿನೀರು ಸುರಿದು 'ಸ್ಟೆರಿಲೈಸ್ ಆಯ್ತು' ಎಂದುಕೊಳ್ಳುವವರೇ ಹೆಚ್ಚು.

ಬಿಚ್ಚಿ ತೊಳೆಯುವ ಕ್ರಮ

ಮೊದಲು ಜಾರ್‌ನ ದ್ರವವನ್ನು ಸ್ವಚ್ಛ ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಬಗ್ಗಿಸಿ, ಬಿಳಿ ಪದರವನ್ನು ಸ್ವಲ್ಪ ದ್ರವದೊಂದಿಗೆ ಬಟ್ಟಲಲ್ಲಿಟ್ಟು ಬಟ್ಟೆ ಮುಚ್ಚಿ. ನಲ್ಲಿ ಇನ್ನೂ ಜಾರ್‌ನಲ್ಲಿರುವಾಗಲೇ ಉಗುರುಬೆಚ್ಚಗಿನ ನೀರು ಹಾಕಿ ಹರಿಯಬಿಡಿ. ಒಣಗುವ ಮುನ್ನ ಹೋಗುವ ಕೊಳೆ ಒಣಗಿದ ಮೇಲೆ ಹೋಗುವುದಿಲ್ಲ. ತಣ್ಣನೆಯ ಗಾಜಿಗೆ ಕುದಿಯುವ ನೀರು ಸುರಿಯಬೇಡಿ, ಜಾರ್ ಸೀಳುತ್ತದೆ.

ಒಳಗಿನ ನಟ್ ಸಡಿಲಿಸಿ ನಲ್ಲಿಯನ್ನು ಹೊರತೆಗೆಯಿರಿ. ಬಿಚ್ಚುತ್ತಾ ಹೋದಂತೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ಯಾವ ವಾಷರ್ ಯಾವ ಕಡೆ ಇತ್ತು ಎಂಬುದು ಅರ್ಧ ಗಂಟೆಯಲ್ಲೇ ಮರೆತುಹೋಗುತ್ತದೆ. ಬಿಡಿ ಭಾಗಗಳನ್ನು ಜರಡಿಯಲ್ಲಿ ಹಾಕಿಡಿ. ಇದು ಅನುಭವದ ಮಾತು. ನನ್ನ ಜಾರ್‌ನ ವಾಷರ್ ಸಿಂಕ್ ಪಾಲಾಗಿ, ಮುಲುಂಡ್ ಪಶ್ಚಿಮದ ಹಾರ್ಡ್‌ವೇರ್ ಅಂಗಡಿಯೊಂದರಿಂದ ತಂದ ಕಪ್ಪು ರಬ್ಬರ್ ವಾಷರ್ ಹಾಕಿದೆ. ಮುಂದಿನ ಎರಡು ವಾರ ಕುಡಿದದ್ದಕ್ಕೆಲ್ಲ ಸೈಕಲ್ ಟ್ಯೂಬ್ ವಾಸನೆ. ನೀರಿನ ಪೈಪ್‌ಗೆ ಬಳಸುವ ವಾಷರ್ ಹುಳಿ ಪಾನೀಯಕ್ಕೆ ಆಗದು, ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ವಾಷರನ್ನೇ ಕೇಳಿ ತನ್ನಿ.

ಪ್ಲಾಸ್ಟಿಕ್ ನಲ್ಲಿಗಳಲ್ಲಿ ತಿರುಗುವ ಒಳತಿರುಳು ಬೇರೆ, ಹೊರಕವಚ ಬೇರೆ ಇರುವುದುಂಟು. ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ ಹಿಂದಿನಿಂದ ಒತ್ತಿದರೆ ತಿರುಳು ಹೊರಬರುತ್ತದೆ. ಇವೆರಡರ ನಡುವೆ ಕಾಣುವ ಕಂದು ಉಂಗುರ ನೋಡಿದರೆ ಮುಂದಿನ ಬಾರಿ ಯಾರೂ ನೆನಪಿಸಬೇಕಾಗುವುದಿಲ್ಲ. ಸ್ಟೀಲ್ ಬಾಲ್ ವಾಲ್ವ್ ಆದರೆ ಇನ್ನೂ ಜಾಗ್ರತೆ ಬೇಕು. ಅದರೊಳಗಿನ ಗುಂಡು ಮತ್ತು ಕವಚದ ನಡುವೆ ಪ್ರತಿ ಬಾರಿ ತಿರುಗಿಸಿದಾಗಲೂ ಸ್ವಲ್ಪ ದ್ರವ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ನೀರು ಹರಿಸಿದರೆ ಅದು ಹೋಗದು. ಮೂರು ತುಂಡಾಗಿ ಬಿಚ್ಚುವ ವಾಲ್ವ್ ಇದ್ದರೆ ಸ್ಪ್ಯಾನರ್ ಹಿಡಿದು ಬಿಚ್ಚಿ. ಬಿಚ್ಚಲು ಬಾರದ ಅಗ್ಗದ ವಾಲ್ವ್ ಆದರೆ ಅರ್ಧ ತೆರೆದ ಸ್ಥಿತಿಯಲ್ಲಿ ನೆನೆಸಿ, ನಡುನಡುವೆ ತೆರೆದು ಮುಚ್ಚುವುದೊಂದೇ ದಾರಿ. ಹೊಸದಾಗಿ ಕೊಳ್ಳುವವರು ಅಂಥದ್ದನ್ನು ಕೊಳ್ಳದಿರುವುದೇ ಮೇಲು.

ನೆನೆಸಲು ಸೋಡಿಯಂ ಪರ್‌ಕಾರ್ಬೊನೇಟ್ ಉತ್ತಮ. ಬಟ್ಟೆಯ ಕಲೆ ತೆಗೆಯಲು 'ಆಕ್ಸಿಜನ್ ಬ್ಲೀಚ್' ಎಂದು ಮಾರುವ ಪುಡಿ ಇದೇ, ಆದರೆ ಪರಿಮಳ, ಬಣ್ಣ ಬೆರೆಸದ್ದನ್ನು ಆರಿಸಿ. ಒಂದು ಲೀಟರ್ ಬಿಸಿನೀರಿಗೆ ಒಂದು ಟೀ ಚಮಚ, ಅರ್ಧ ಗಂಟೆ. ಅದು ಸಿಗದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರು ಸಾಕು, ತಿಕ್ಕುವ ಶ್ರಮ ಸ್ವಲ್ಪ ಹೆಚ್ಚು. ಕೊಳವೆಯೊಳಗೆ ಹೋಗಲು ಮಗುವಿನ ಹಾಲಿನ ಬಾಟಲಿಯ ನಿಪ್ಪಲ್ ಬ್ರಷ್, ಇನ್ನೂ ಸಣ್ಣ ಸಂದಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹಲ್ಲುಸಂದಿಯ ಬ್ರಷ್ ಹೇಳಿ ಮಾಡಿಸಿದಂತಿದೆ. ಸ್ಟೀಲ್ ಉಜ್ಜು ಬೇಡ. ಅದು ಗೀರು ಮಾಡುತ್ತದೆ, ಮುಂದಿನ ಕೊಳೆ ಆ ಗೀರಿನಲ್ಲೇ ಮನೆ ಮಾಡುತ್ತದೆ.

ತೊಳೆದಾದ ಮೇಲೆ ಸೋಂಕು ನಿವಾರಣೆ. ಸ್ಟೀಲ್ ಮತ್ತು ಸಿಲಿಕೋನ್ ಭಾಗಗಳನ್ನು ಹತ್ತು ನಿಮಿಷ ಕುದಿಸಬಹುದು. ತ್ರಿಕೋನದೊಳಗೆ 5 ಎಂಬ ಅಂಕಿ ಇರುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕೂಡ ಬಿಸಿನೀರು ತಾಳುತ್ತದೆ. ಗಾಜಿನಂತೆ ಹೊಳೆಯುವ ಅಕ್ರಿಲಿಕ್ ತಾಳದು. ಅದು ಬಿಸಿಗೆ ಸೊಟ್ಟಗಾಗುತ್ತದೆ, ಸ್ಪಿರಿಟ್ ತಾಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಫಾಸ್ಫರಿಕ್ ಆಮ್ಲ ಆಧಾರಿತ, ಮತ್ತೆ ತೊಳೆಯಬೇಕಿಲ್ಲದ ಸ್ಯಾನಿಟೈಸರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಲೇಬಲ್‌ನಲ್ಲಿ ಹೇಳಿದಷ್ಟೇ ಬಳಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡವೇ ಬೇಡ.

ಮನೆಯಲ್ಲಿರುವ ಕ್ಲೋರಿನ್ ಬ್ಲೀಚ್ ಬಗ್ಗೆ ಒಂದು ಎಚ್ಚರಿಕೆ. ಅದು ಸ್ಟೀಲ್‌ನಲ್ಲಿ ಸಣ್ಣ ಗುಳಿಗಳನ್ನು ಮಾಡುತ್ತದೆ. ವಿನೆಗರ್ ಅಥವಾ ಕೊಂಬುಚಾದಂಥ ಹುಳಿಯೊಂದಿಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಂಬೈ ಫ್ಲ್ಯಾಟ್‌ಗಳ ಕಿರಿದಾದ ಅಡುಗೆ ಮನೆಯಲ್ಲಿ ಇದು ತಮಾಷೆಯಲ್ಲ.

ಇನ್ನೊಂದು ಸ್ಥಳೀಯ ವಿಷಯ. ಪಕ್ಕದ ಭಾಂಡುಪ್ ಶುದ್ಧೀಕರಣ ಘಟಕದಿಂದ ಹೊರಡುವಾಗ ಪಾಲಿಕೆಯ ನೀರು ಕ್ಲೋರಿನ್ ಬೆರೆತು ಶುದ್ಧವಾಗಿಯೇ ಇರುತ್ತದೆ. ಆದರೆ ನಮ್ಮ ನಲ್ಲಿಗೆ ಬರುವುದು ಕಟ್ಟಡದ ತಾರಸಿಯ ಟ್ಯಾಂಕ್‌ನಲ್ಲಿ ತಂಗಿದ ನೀರು. ಸೋಂಕು ನಿವಾರಿಸಿದ ಭಾಗಗಳನ್ನು ಮತ್ತೆ ತೊಳೆಯುವುದಿದ್ದರೆ ಕುದಿಸಿ ಆರಿಸಿದ ನೀರು ಬಳಸಿ. ಅಡುಗೆ ಮನೆಯ ಒರೆಸುವ ಬಟ್ಟೆಯಿಂದ ಒರೆಸಿದರೆ ಮಾಡಿದ್ದೆಲ್ಲ ವ್ಯರ್ಥ, ಗಾಳಿಗೆ ಆರಲಿ.

ಸೋರಿಕೆ ಏಕೆ?

ಮತ್ತೆ ಜೋಡಿಸುವಾಗ ಸಾಮಾನ್ಯವಾಗಿ ಒಳಗೊಂದು, ಹೊರಗೊಂದು ಸಿಲಿಕೋನ್ ವಾಷರ್ ಗಾಜಿಗೆ ತಾಗಿ ಕೂರಬೇಕು. ನಟ್ ಅನ್ನು ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ವಾಷರ್ ನುಗ್ಗಿ ಹೊರಚಾಚುತ್ತದೆ, ಇಲ್ಲವೇ ಗಾಜೇ ಒಡೆಯುತ್ತದೆ. ನಂತರ ಬರೀ ನೀರು ತುಂಬಿ ಕೆಳಗೊಂದು ಹಳೆ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಪೇಪರ್ ಒಣಗಿದ್ದರೆ ಪಾಸ್. ಒಂದೇ ಹನಿ ಎಂದು ಉಪೇಕ್ಷಿಸಬೇಡಿ. ಸಿಹಿ ಹನಿಗೆ ಇರುವೆ, ನೊಣ ಬರುತ್ತದೆ, ಬೂಷ್ಟು ಹೊರಗಿನಿಂದ ಒಳಗೆ ದಾರಿ ಹುಡುಕುತ್ತದೆ.

ಬಿಗಿಯಾದ ನಲ್ಲಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚುವವರಿದ್ದಾರೆ. ಅಡುಗೆ ಎಣ್ಣೆ ಕಮಟಾಗುತ್ತದೆ, ವ್ಯಾಸಲೀನ್‌ಗೆ ರಬ್ಬರ್ ಉಬ್ಬುತ್ತದೆ. ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಕಡಲೆಕಾಳಿನಷ್ಟು ಸಾಕು.

ಹಿತ್ತಾಳೆ ನಲ್ಲಿ ಬೇಡ

ಹಿತ್ತಾಳೆ ಪಾತ್ರೆಗೆ ಕಲಾಯಿ ಇಲ್ಲದೆ ಹುಳಿ ಸಾರು ಮಾಡಬಾರದು, ಕಿಲುಬು ಬಿಡುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಅದೇ ಮಾತು ಈ ನಲ್ಲಿಗೂ ಅನ್ವಯ. ಜಾರ್‌ಗಳ ಜತೆ ಬರುವ ಬಂಗಾರ ಅಥವಾ ಬೆಳ್ಳಿ ಬಣ್ಣದ ಚಂದದ ನಲ್ಲಿಗಳಲ್ಲಿ ಕೆಲವು ಲೇಪನ ಮಾಡಿದ ಹಿತ್ತಾಳೆಯವು. ನೀರು, ಶರಬತ್ತನ್ನು ಒಂದೆರಡು ಗಂಟೆ ಇಡಲು ಸರಿ. ತಿಂಗಳುಗಟ್ಟಲೆ ಹುಳಿ ತಾಗಿದರೆ ಲೇಪನ ಕಿತ್ತು ಒಳಗಿನ ತಾಮ್ರ, ಸತು ಕರಗುತ್ತದೆ. ಸುಲಭವಾಗಿ ಕಡೆಯಲೆಂದು ಹಿತ್ತಾಳೆಗೆ ಸೀಸ ಬೆರೆಸುವುದೂ ಸಾಮಾನ್ಯ.

ಹುಳಿ ಪಾನೀಯ ಸೀಸವನ್ನು ಎಳೆದುಕೊಳ್ಳುತ್ತದೆ ಎಂಬುದು ಬರೀ ಊಹೆಯಲ್ಲ. 1998ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ನಿಯತಕಾಲಿಕೆಯಲ್ಲಿ ದಂಪತಿಯೊಬ್ಬರ ಪ್ರಕರಣ ವರದಿಯಾಗಿತ್ತು. ಸೆರಾಮಿಕ್ ಪಾತ್ರೆಯಲ್ಲಿ ಮಾಡಿದ ಕೊಂಬುಚಾವನ್ನು ತಿಂಗಳುಗಳ ಕಾಲ ಕುಡಿದ ಅವರಿಗೆ ಸೀಸದ ವಿಷಬಾಧೆಯಾಗಿತ್ತು. ಪಾತ್ರೆಯ ಹೊಳಪಿನ ಲೇಪನದಲ್ಲಿದ್ದ ಸೀಸ ಪಾನೀಯಕ್ಕೆ ಇಳಿದಿತ್ತು. ಹೀಗಾಗಿ ಊರಿಂದ ತಂದ ಹಳೆಯ ಉಪ್ಪಿನಕಾಯಿ ಭರಣಿಗೆ ತೂತು ಕೊರೆದು ನಲ್ಲಿ ಹಾಕಿಸುವ ಯೋಚನೆಯನ್ನೂ ಕೈಬಿಡಿ.

ಹಿತ್ತಾಳೆಯೋ ಸ್ಟೀಲೋ ತಿಳಿಯುವುದು ಹೇಗೆ? ಅಯಸ್ಕಾಂತ ನಂಬಬೇಡಿ. ಹಿತ್ತಾಳೆಗೂ ಅಂಟದು, ಆಹಾರಕ್ಕೆ ಬಳಸುವ 304 ದರ್ಜೆಯ ಸ್ಟೀಲ್‌ಗೂ ಸರಿಯಾಗಿ ಅಂಟದು. ನಲ್ಲಿ ಬಿಚ್ಚಿ, ಮರೆಯಿರುವ ತುದಿಯನ್ನೂ ಕೊಳವೆಯ ಒಳಭಾಗವನ್ನೂ ಬೆಳಕಿಗೆ ಹಿಡಿದು ನೋಡಿ. ಹಳದಿ ಕಂಡರೆ ಹಿತ್ತಾಳೆ. ಬದಲಿ ನಲ್ಲಿ ತರಿಸುವ ಮೊದಲು ಜಾರ್‌ನ ತೂತು ಅಳೆಯಿರಿ, ಹೆಚ್ಚಿನವು 16 ಮಿ.ಮೀ. ಆಸುಪಾಸು ಇರುತ್ತವೆ.

ಎಷ್ಟು ದಿನಕ್ಕೊಮ್ಮೆ?

ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಬಿಯರ್ ಬಾರ್‌ಗಳಿಗೆ ನೀಡಿರುವ ಮಾರ್ಗಸೂಚಿಯಲ್ಲಿ ನಲ್ಲಿಗಳನ್ನು ಎರಡು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು ಎಂದಿದೆ. ಮನೆಯ ಜಾರ್‌ಗೆ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಎಂದು ಇಟ್ಟುಕೊಂಡರೆ ಸಾಕು. ನಡುವಿನ ದಿನಗಳಲ್ಲಿ ಪ್ರತಿ ಬಾರಿ ಪಾನೀಯ ತೆಗೆದ ಮೇಲೆ ಮೂತಿಯನ್ನು ಕುದಿಸಿ ಆರಿಸಿದ ನೀರಿನಿಂದ ತೊಳೆದು, ಒರೆಸಿ, ಸಣ್ಣ ಪ್ಲಾಸ್ಟಿಕ್ ಚೀಲವೊಂದನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ನೋಡಲು ಚಂದವಿಲ್ಲ, ನೊಣ ಮಾತ್ರ ಬರುವುದಿಲ್ಲ. ವಾಷರ್ ಗಟ್ಟಿಯಾದರೆ, ಬಣ್ಣ ತಿರುಗಿದರೆ ಬದಲಿಸಿ.

ಅಂದಹಾಗೆ, ವಾರಕ್ಕೆ ಒಂದೆರಡು ಲೀಟರ್ ಮಾತ್ರ ಮಾಡುವವರಿಗೆ ನಲ್ಲಿಯ ಜಾರ್ ಬೇಕೇ ಬೇಕೆಂದೇನಿಲ್ಲ. ಅಗಲ ಬಾಯಿಯ ಗಾಜಿನ ಭರಣಿ ಮತ್ತು ಕುದಿಸಿದ ಸ್ಟೀಲ್ ಸೌಟು ಸಾಕು.

ಮೂತಿಯಲ್ಲಿ ಮಾತ್ರ ಕಪ್ಪು ಕಂಡರೆ ಅಂದು ತೆಗೆದದ್ದನ್ನು ಚೆಲ್ಲಿ, ನಲ್ಲಿ ಬಿಚ್ಚಿ ತೊಳೆಯಿರಿ. ಪ್ಲಾಸ್ಟಿಕ್‌ಗೆ ಕಲೆ ಇಳಿದಿದ್ದರೆ ನಲ್ಲಿಯನ್ನೇ ಎಸೆಯಿರಿ. ಜಾರ್‌ನ ಬಿಳಿ ಪದರದ ಮೇಲೂ ಹಸಿರು, ಕಪ್ಪು ಅಥವಾ ತುಪ್ಪಳದಂಥ ಬೂಷ್ಟು ಬಂದಿದ್ದರೆ ಮೇಲಿನದನ್ನು ತೆಗೆದು ಉಳಿದದ್ದು ಕುಡಿಯುವ ಉಳಿತಾಯ ಬೇಡ. ದ್ರವ, ಪದರ ಎರಡನ್ನೂ ಚೆಲ್ಲಿ, ಹೊಸ ಪದರದಿಂದ ಶುರು ಮಾಡಿ.