ಗೋದಿ ಕಾಳು, ಎಮ್ಮಿ ಗಬ್ಬ

ಹೋದ ವರ್ಷ ನಮ್ಮ ಎಮ್ಮಿಗೆ ಇಂಜೆಕ್ಷನ್ ಮಾಡಿಸಿದ ಮ್ಯಾಲೆ ಮತ್ತ ಬೆದಿಗೆ ಬಂದದ್ದು ಕಾಣಲಿಲ್ಲ. ಗಬ್ಬ ನಿಂತೈತಿ ಅಂತ ಆರು ತಿಂಗಳು ಹಿಂಡಿ ಹಾಕಿದೆ. ಆಮ್ಯಾಲೆ ಡಾಕ್ಟರು ಕೈ ಹಾಕಿ ನೋಡಿದ್ರ ಖಾಲಿ! ಬ್ಯಾಸಿಗ್ಯಾಗ ಎಮ್ಮಿ ಒದರದs ಬೆದಿಗೆ ಬಂದು ಹೋಗ್ತೈತಿ. ನೋಡದ ತಪ್ಪು ನಂದs.

ಗಬ್ಬ ಬೇಗ ತಿಳೀಬೇಕು ಅನ್ನೋ ಚಿಂತಿ ಬಾಳ ಹಳೇದು. ಮೂರು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ಬರಹದೊಳಗ ಒಂದು ಉಪಾಯ ಐತಿ: ಹೆಣ್ಣಮಗಳು ಗೋದಿ, ಜವೆಗೋದಿ ಕಾಳಿನ ಮ್ಯಾಲೆ ದಿನಾ ಉಚ್ಚಿ ಹೊಯ್ಯಬೇಕು, ಮೊಳಕಿ ಬಂದ್ರ ಬಸರಿ. 1963ರಾಗ ಇದನ್ನ ಪರೀಕ್ಷಿಸಿದಾಗ ಬಸರಿಯರ ಉಚ್ಚಿಯಲ್ಲಿ ನೂರಕ್ಕ 70ರಷ್ಟು ಸಲ ಮೊಳಕಿ ಬಂತು.

ನಮ್ಮ ಕರ್ನಾಟಕದಾಗ ದನಕ್ಕೂ ಗೋದಿ ಪರೀಕ್ಷೆ ಐತಿ, ಹೆಸರು 'ಪುಣ್ಯಕೋಟಿ'. ಪಶುವೈದ್ಯ ವಿಜ್ಞಾನಿ ಡಾ. ಎನ್.ಬಿ. ಶ್ರೀಧರ ಇದನ್ನ ರೈತರಿಗೆ ತಿಳಿಸಿದವರು. ಒಂದು ಪಾಲು ಉಚ್ಚಿಗೆ 14 ಪಾಲು ನೀರು ಕೂಡಿಸಿ ಗೋದಿ ಕಾಳು ಹಾಕಿ ಐದು ದಿನ ಇಡೂದು. ಆದ್ರ ಇಲ್ಲಿ ಲೆಕ್ಕ ಉಲ್ಟಾ: ಮೊಳಕಿ ಬರದಿದ್ರ ಗಬ್ಬ! ಗಬ್ಬದ ದನದ ಉಚ್ಚಿಯಾಗ ಮೊಳಕಿ ತಡೆಯೋ ಅಂಶ ಹೆಚ್ಚಿರ್ತೈತಿ ಅಂತಾರ. ಕಾಳs ಕೆಟ್ಟಿದ್ರೂ ಮೊಳಕಿ ಬರೂದಿಲ್ಲ, ಅದಕ್ಕ ಬರೇ ನೀರಿನ ಬಟ್ಟಲು ಒಂದು ಬಾಜೂಕ ಇಡ್ರಿ.

ಒಬ್ಬರು ಕೇಳಿದ್ರು, ಔಷಧ ಅಂಗಡಿ ಪಟ್ಟಿ ಎಮ್ಮಿಗೆ ನಡೀತೈತೇನು ಅಂತ. ಇಲ್ರಿ. ಆ ಪಟ್ಟಿ ಹಿಡಿಯೂದು ಹೆಣ್ಣಮಕ್ಕಳ ಬಸರಿನ ಹಾರ್ಮೋನ್, ಗರ್ಭ ನಾಟಿದ ಮ್ಯಾಲೆ ಹುಟ್ಟೂದು, ಮುಟ್ಟು ತಪ್ಪಿದ ಮ್ಯಾಲೆ ನೋಡಿದ್ರ ಖಾತ್ರಿ. 1927ರಾಗ ಜರ್ಮನಿಯ ಆಶ್‌ಹೈಮ್, ಜೊಂಡೆಕ್ ಅನ್ನೋರು ಇದಕ್ಕಾಗಿ ಉಚ್ಚಿಯನ್ನ ಇಲಿಮರಿಗಳಿಗೆ ಚುಚ್ಚಿ, ಕೊಯ್ದು ನೋಡ್ತಿದ್ರು. ಪಾಪ ಇಲಿಗಳು. ಆಕಳು, ಎಮ್ಮಿಯ ಉಚ್ಚಿಯಾಗ ಆ ಹಾರ್ಮೋನ್ ಇರೂದಿಲ್ಲ.

ಹೋರಿ ಬಿಡೋ ಕಾಲಕ್ಕ ತಾರೀಖು ಯಾರಿಗೆ ನೆನಪಿರ್ತಿತ್ತು? 1939ರಾಗ ಮೈಸೂರು ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ಭಾರತದಾಗ ಮೊದಲ ಸಲ ಕೃತಕ ಗರ್ಭಧಾರಣೆ ಮಾಡಿಸಿದ್ರು. ಅದು ಊರೂರಿಗೆ ಬಂದ ಮ್ಯಾಲೆ ನಮಗ ದಿನದ ಲೆಕ್ಕ ಸಿಕ್ಕಿತು. 21 ದಿನಕ್ಕ ಬೆದಿ ಬಂತೋ ನೋಡೂದು, ಎರಡು ತಿಂಗಳಿಗೆ ಡಾಕ್ಟರ ಕೈಲೆ ತಪಾಸಣೆ. ಗೋದಿ ಒಂದನ್ನs ನಂಬಿ ಬೆದಿ ತರಿಸೋ ಇಂಜೆಕ್ಷನ್ ಕೊಡಿಸಬ್ಯಾಡ್ರಿ. ಗಬ್ಬ ಇದ್ರ ಇಳಿದು ಹೋಗ್ತೈತಿ.

ನಮ್ಮ ಎಮ್ಮಿಗೆ ಮತ್ತ ಇಂಜೆಕ್ಷನ್ ಆಗೈತಿ. ಈ ಸಲ ತಾರೀಖು ಗ್ವಾಡಿ ಮ್ಯಾಲೆ ಬರದೀನಿ.