ಹುನ್ನೂರಿನ ಪಲ್ಲಕ್ಕಿ

ಚೀನದೇಶದ ತೆಂಕಣ ಸೀಮೆಯಲ್ಲಿಯೂ ತೈವಾನ್ ದ್ವೀಪದಲ್ಲಿಯೂ ತಾವೋ ಮತದವರು ‘ಜಿಯಾವ್’ ಎಂಬ ಊರಹಬ್ಬವನ್ನು ಆಚರಿಸುವರು. ಪುರೋಹಿತರು ಪೂಜೆ ನಡೆಸುತ್ತಿರಲು ಊರವರು ಮಾಂಸಾಹಾರವನ್ನು ತೊರೆದು, ದೇವತೆಗಳೊಡನೆ ತಮಗಿರುವ ಒಡಂಬಡಿಕೆಯನ್ನು ಹೊಸದಾಗಿಸಿಕೊಳ್ಳುವರು. ಅಲ್ಲಿ ಇನ್ನೊಂದು ರೂಢಿಯೂ ಉಂಟು. ಹೊಸ ಗುಡಿಯನ್ನು ಕಟ್ಟುವಾಗ ಹಳೆಯ ಗುಡಿಯ ಧೂಪಪಾತ್ರೆಯಿಂದ ಬೂದಿಯನ್ನು ತಂದಿರಿಸುವರು. ಅಂದಿನಿಂದ ಕಿರಿಯ ಗುಡಿಯ ದೇವತೆಯು ಪಲ್ಲಕ್ಕಿಯೇರಿ ಮೂಲಸ್ಥಾನದ ದರ್ಶನಕ್ಕೆ ಹೋಗುವ ವಾಡಿಕೆ ಮೊದಲಾಗುವುದು. ಇದು ದೂರದೇಶದ ವಿಚಿತ್ರವೆಂದು ನಾವು ಬೆರಗಾಗಬೇಕಾದುದಿಲ್ಲ. ದೇವರು ದೇವರನ್ನು ಕಾಣಲು ಹೊರಡುವ ಪದ್ಧತಿಯು ಕನ್ನಡ ನಾಡಿನ ಬಡಗಣ ಅಂಚಿನಲ್ಲಿಯೂ ಜೀವಂತವಾಗಿರುವುದು.

ಜಮಖಂಡಿಯ ಸಮೀಪದ ಹುನ್ನೂರನ್ನು ಶ್ರೋತೃಗಳಲ್ಲಿ ಹಲವರು ಬಲ್ಲಿರಿ. ಅದೇ ಹೆಸರಿನ ಮತ್ತೊಂದು ಊರು ಸೊಲ್ಲಾಪುರ ಜಿಲ್ಲೆಯ ಮಂಗಳವೇಡೆ ತಾಲ್ಲೂಕಿನಲ್ಲಿ ಉಂಟು. ಕುರುಬರ ದೈವವಾದ ಬೀರಪ್ಪನ ಸ್ಥಾನವದು. ಮರಾಠಿ ನುಡಿಯುವ ಧನಗರರು ಅವನನ್ನು ಬಿರೋಬನೆನ್ನುವರು. ಅದೇ ತಾಲ್ಲೂಕಿನ ಹುಲಜಂತಿಯಲ್ಲಿ ಅವನ ಶಿಷ್ಯನಾದ ಮಾಳಿಂಗರಾಯನ ಗುಡಿಯಿರುವುದು. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಶಿವಪಾರ್ವತಿಯರೇ ಬಂದು ಈ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುವರೆಂದು ಭಕ್ತರ ನಂಬಿಕೆ. ಆ ಜಾತ್ರೆಯಲ್ಲಿ ಹುನ್ನೂರಿನ ಬೀರಪ್ಪನ ಪಲ್ಲಕ್ಕಿಯು ಮಾಳಿಂಗರಾಯನ ಪಲ್ಲಕ್ಕಿಯನ್ನು ಸಂಧಿಸುವುದು. ಇತರ ಊರುಗಳವೂ ಸೇರಿ ಒಟ್ಟು ಏಳು ಪಲ್ಲಕ್ಕಿಗಳ ಭೇಟಿಯಿದು. ಡೊಳ್ಳಿನ ನಾದದ ನಡುವೆ ಜನರು ಭಂಡಾರವನ್ನೂ ಉಣ್ಣೆಯನ್ನೂ ಉತ್ತತ್ತಿಯನ್ನೂ ಪಲ್ಲಕ್ಕಿಗಳ ಮೇಲೆ ತೂರುವರು. ಬರುವ ವರ್ಷದ ಮಳೆಬೆಳೆಗಳ ವಿಷಯವಾಗಿ ಭವಿಷ್ಯವಾಣಿಯೂ ಆಗುವುದು.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ತಾವೋ ಗುಡಿಗಳಲ್ಲಿ ಕಿರಿಯ ದೇವತೆಯು ಹಿರಿಯದರ ಬಳಿಗೆ ಹೋಗುವುದು. ಹುಲಜಂತಿಯಲ್ಲಾದರೋ ಗುರುವೇ ಶಿಷ್ಯನ ಊರಿಗೆ ಬರುವನು. ಶಿಷ್ಯನ ಸೇವೆಯಿಂದ ಗುರುವೂ ಕಟ್ಟುಬೀಳುವನೆಂಬ ಭಾವವು ಇದರಲ್ಲಿ ಅಡಗಿರುವುದು.

ದೀಪಾವಳಿಯೇ ಏಕೆ? ಈ ಬಯಲುಸೀಮೆಯಲ್ಲಿ ಮಳೆ ಕಡಮೆ. ಮಳೆಗಾಲದಲ್ಲಿ ಊರ ಬಳಿಯೇ ಹುಲ್ಲು ದೊರೆಯುವುದರಿಂದ ಕುರಿಗಾರರು ಅಲ್ಲಿ ನಿಲ್ಲುವರು. ಹುಲ್ಲು ಒಣಗಲು ಹಿಂಡುಗಳನ್ನು ಹೊಡೆದುಕೊಂಡು ಅನೇಕ ಕುಟುಂಬಗಳು ದೂರದ ಮೇವಿನ ನೆಲಗಳಿಗೆ ಹೊರಡುವುವು. ಚದರಿಹೋಗುವ ಜನರು ಹೋಗುವ ಮುನ್ನ ಕಲೆಯುವುದಕ್ಕೆ ಇದಕ್ಕಿಂತ ತಕ್ಕ ಸಮಯವಿಲ್ಲ. ಜರ್ಮನ್ ವಿದ್ವಾಂಸರಾದ ಗುಂಥರ್ ಸೋಂಥೈಮರ್ ಅವರು ಬಿರೋಬ, ಮ್ಹಸ್ಕೋಬ, ಖಂಡೋಬರನ್ನು ಕುರಿತು 1976ರಲ್ಲಿ ಪ್ರಕಟಿಸಿದ ಗ್ರಂಥವು, ಇಂಥ ದೈವಗಳ ಚರಿತ್ರೆಯನ್ನು ಕುರಿಗಾರರ ಬಾಳಿನಿಂದಲೂ ಅವರ ಬಾಯ ಹಾಡುಗಳಿಂದಲೂ ಅರಿಯಬೇಕೆಂಬುದನ್ನು ಪಂಡಿತರಿಗೆ ತೋರಿಸಿಕೊಟ್ಟಿತು.

ಇನ್ನು ರಾಜಕೀಯದ ಮಾತು. ಮಂಗಳವೇಡೆಯು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಜಮಖಂಡಿಯು ಬೇರೊಂದು ಪಟವರ್ಧನ ಮನೆತನದ ಸಂಸ್ಥಾನ. ಬಿಜಾಪುರವು ಮುಂಬಯಿ ಸರಕಾರದ ಜಿಲ್ಲೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರ ನವೆಂಬರ್ 1ರಂದು ಬಿಜಾಪುರವು ಮೈಸೂರು ರಾಜ್ಯಕ್ಕೆ ಬಂದಿತು. ಸೊಲ್ಲಾಪುರವು ಮುಂಬಯಿಯಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಹನ್ನೆರಡು ವರ್ಷಗಳಲ್ಲಿ ಗಡಿಗಳು ಇಷ್ಟು ಬಾರಿ ಬದಲಾದರೂ ಎರಡು ಸೀಮೆಗಳ ಪಲ್ಲಕ್ಕಿಗಳು ಒಂದೇ ಬಯಲಿನಲ್ಲಿ ಕೂಡುವುದು ತಪ್ಪಲಿಲ್ಲ. ಕನ್ನಡದವನು ಬೀರಪ್ಪನೆಂದರೂ ಮರಾಠಿಯವನು ಬಿರೋಬನೆಂದರೂ ಇಬ್ಬರ ಹಣೆಯ ಮೇಲೂ ಅದೇ ಭಂಡಾರ.

ಅರಸರು ತಮ್ಮ ದಾನಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ಕುರಿಗಾರನಿಗೆ ಅಂಥ ಸಾಧನವಿರಲಿಲ್ಲ. ಯಾವ ಊರಿಗೆ ಯಾವ ಊರು ನೆಂಟು, ಯಾರ ಗುರು ಯಾರು, ಎಂಬುದನ್ನು ಅವನು ಪ್ರತಿವರ್ಷವೂ ಹೆಗಲ ಮೇಲೆ ಹೊತ್ತು ನಡೆದು ಉಳಿಸಿಕೊಂಡು ಬಂದನು. ಗಡಿಯನ್ನು ಕುರಿತು ವಾದಿಸುವವರು ನಕ್ಷೆಯನ್ನು ಬಿಡಿಸುವ ಮುನ್ನ ಈ ಪಲ್ಲಕ್ಕಿಗಳ ದಾರಿಯನ್ನೊಮ್ಮೆ ನೋಡುವುದು ಒಳ್ಳೆಯದು.