ಕಪ್ಪೆಯ ಕಾಲು

ಎರಡು ವರ್ಷಗಳ ಮೇಲೆ ಕಳೆದ ತಿಂಗಳು ಮತ್ತೆ ಈಜುಕೊಳಕ್ಕೆ ಇಳಿದೆ. ಕನ್ನಡ ಪಾಠ ಹೇಳುವ ಮೇಷ್ಟರಿಗೆ, ಅದೂ ನಲವತ್ತು ದಾಟಿ ಐದು ವರ್ಷವಾದವನಿಗೆ, ಬೆಳಗಿನ ಐದೂವರೆಗೆ ಅಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಟ್ರಯಥ್ಲಾನ್ ಎಂಬುದೊಂದು ಚಟ ನನಗೆ ಅಂಟಿಕೊಂಡಿದೆ: ಈಜು, ಸೈಕಲ್ಲು, ಓಟ, ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಪಂದ್ಯ. ಭುಜದ ನೋವಿನಿಂದ ಈಜು ನಿಂತುಹೋಗಿತ್ತು. ಉಳಿದೆರಡು ಹೇಗೋ ನಡೆದಿದ್ದವು. ಮೊದಲ ದಿನ ಇಪ್ಪತ್ತೈದು ಮೀಟರು ಮುಟ್ಟುವಷ್ಟರಲ್ಲಿ ಕಟ್ಟೆಯನ್ನು ಅಪ್ಪಿ ಹಿಡಿದು ಏದುಸಿರು ಬಿಡುತ್ತಿದ್ದೆ. ಈಜು ಕಲಿಸುವ ಹುಡುಗ, ನನ್ನ ವಿದ್ಯಾರ್ಥಿಗಳ ವಯಸ್ಸಿನವನು, ವಿನಯದಿಂದಲೇ ಹೇಳಿದ: "ಕೈ ಪರವಾಗಿಲ್ಲ ಸಾರ್. ಕಾಲು ಮಾತ್ರ ಇನ್ನೂ ಕಪ್ಪೆ ಥರಾನೇ ಹೋಗ್ತಿದೆ."

ಚುಚ್ಚಲಿಲ್ಲವೆಂದರೆ ಸುಳ್ಳಾದೀತು. ಆ ಕಾಲು ನನಗೆ ಬಂದದ್ದು ಊರ ಬಾವಿಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನಮ್ಮ ಸೋದರಮಾವ ನೀರಿಗೆ ನೂಕಿದಾಗ. ಅದರಲ್ಲಿ ತಪ್ಪಿದೆಯೆಂದು ಇಷ್ಟು ದಿನ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಈ ಈಜಿನ ಚರಿತ್ರೆಯನ್ನು ಹುಡುಕಿ ಓದಿದ ಮೇಲೆ ತುಸು ಸಮಾಧಾನವಾಯಿತು. ಈ ಕಾಲು ಯುರೋಪಿಗೆ ಒಲಿಯಲು ಸುಮಾರು ಅರುವತ್ತು ವರ್ಷ ಬೇಕಾಗಿದ್ದವು!

1844ರಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಓಜಿಬ್ವೆ ಜನರ ಒಂದು ತಂಡ ಲಂಡನ್ನಿಗೆ ಬಂದಿತ್ತು. ಅವರಲ್ಲಿ ಇಬ್ಬರನ್ನು ಹೈ ಹೋಬರ್ನಿನ ಈಜುಕೊಳದಲ್ಲಿ ಬೆಳ್ಳಿಯ ಪದಕಕ್ಕಾಗಿ ಈಜಿಸಿದರು. ಆಂಗ್ಲರ ಬಾಯಲ್ಲಿ ಅವರ ಹೆಸರುಗಳು ‘ಹಾರುವ ಕಡಲಹಕ್ಕಿ’, ‘ಹೊಗೆಸೊಪ್ಪು’ ಎಂದಾಗಿದ್ದವು. ಕಡಲಹಕ್ಕಿ 130 ಅಡಿಗಳನ್ನು 30 ಸೆಕೆಂಡಿನಲ್ಲಿ ದಾಟಿದ. ನೋಡಿದವರಿಗೆ ವೇಗಕ್ಕಿಂತ ರೀತಿಯೇ ಕಣ್ಣು ಕುಕ್ಕಿತು. ಈಜೆಂದರೆ ತಲೆ ನೆನೆಯದಂತೆ ಎತ್ತಿ, ಕೈಕಾಲುಗಳನ್ನು ಕಪ್ಪೆಯಂತೆ ಮಡಿಸಿ ಚಾಚುವುದು ಎಂದು ತಿಳಿದಿದ್ದ ದೇಶ ಅದು. ಇವರೋ ಗಾಳಿಯಂತ್ರದ ರೆಕ್ಕೆಗಳ ಹಾಗೆ ಕೈ ಬೀಸಿ, ಪಾದಗಳಿಂದ ನೀರನ್ನು ಬಡಿಯುತ್ತ ಹೋದರು. ಇದು ಯುರೋಪಿನ ಪದ್ಧತಿಯೇ ಅಲ್ಲವೆಂದು ಪತ್ರಿಕೆ ಬರೆಯಿತು. ಆಮೇಲೆ ಕೆನ್‌ವರ್ದಿ ಎಂಬ ಆಂಗ್ಲ ಕಪ್ಪೆ ಈಜಿನಲ್ಲೇ ಅವರನ್ನು ಸೋಲಿಸಿದ. ಅಲ್ಲಿಗೆ ಎಲ್ಲರ ಅನುಮಾನವೂ ಪರಿಹಾರವಾಯಿತು. ತಮ್ಮೊಳಗೇ ಸ್ಪರ್ಧಿಸಿ ಆಗಷ್ಟೆ ದಣಿದಿದ್ದವರನ್ನು ಸೋಲಿಸಿ ಒಂದು ವಿದ್ಯೆಯನ್ನೇ ತಳ್ಳಿಹಾಕಿದ್ದು ನನಗಂತೂ ನ್ಯಾಯವಾಗಿ ಕಾಣುವುದಿಲ್ಲ. 1875ರಲ್ಲಿ ಕ್ಯಾಪ್ಟನ್ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು 21 ಗಂಟೆ 45 ನಿಮಿಷಗಳಲ್ಲಿ ದಾಟಿದ್ದೂ ಕಪ್ಪೆ ಈಜಿನಲ್ಲೇ. ಇನ್ನು ಕೇಳುವುದೇನು?

ಅದಕ್ಕೆ ಎರಡು ವರ್ಷ ಮುಂಚೆ, 1873ರಲ್ಲಿ, ಜಾನ್ ಟ್ರಜೆನ್ ಎಂಬ ಯುವಕ ಕೈಗಳನ್ನು ಒಂದಾದ ಮೇಲೊಂದು ನೀರಿನ ಮೇಲಿಂದ ಎಸೆದು ಈಜಿ ಲಂಡನ್ನಿನಲ್ಲಿ ಗೆದ್ದಿದ್ದ. ಹುಡುಗನಾಗಿದ್ದಾಗ ದಕ್ಷಿಣ ಅಮೆರಿಕದಲ್ಲಿ ಅಲ್ಲಿನ ಜನರನ್ನು ನೋಡಿ ಕಲಿತದ್ದಂತೆ. ಕೈ ಬಂತು, ಕಾಲು ಮಾತ್ರ ಕಪ್ಪೆಯದಾಗಿಯೇ ಉಳಿಯಿತು. ಇದನ್ನು ಓದಿದಾಗ ಟ್ರಜೆನ್ನನ ಕೈ ಕುಲುಕಬೇಕೆನ್ನಿಸಿತು.

ಕಾಲು ಬಂದದ್ದು ಸಿಡ್ನಿಯಿಂದ. ಸಾಲೊಮನ್ ದ್ವೀಪಗಳಿಂದ ಅಲ್ಲಿಗೆ ಬಂದಿದ್ದ ಆಲಿಕ್ ವಿಕ್ಹ್ಯಾಮ್ ಎಂಬ ಬಾಲಕ ತನ್ನ ದ್ವೀಪದ ಮಕ್ಕಳಂತೆ ಕಾಲನ್ನು ಮೇಲಕ್ಕೂ ಕೆಳಕ್ಕೂ ಬಡಿಯುತ್ತ ಈಜುತ್ತಿದ್ದ. ಅಲ್ಲಿಯ ಈಜುಗಾರ ಮನೆತನವಾದ ಕ್ಯಾವಿಲ್ಲರು ಇದನ್ನು ಎಲ್ಲಿಂದ ಕಲಿತರೆಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಥೆಗಳಿವೆ. ಹೆಚ್ಚಿನವು ಪೆಸಿಫಿಕ್ ದ್ವೀಪಗಳತ್ತಲೇ ಬೆರಳು ಮಾಡುತ್ತವೆ. 1902ರಲ್ಲಿ ಡಿಕ್ ಕ್ಯಾವಿಲ್ ಇಂಗ್ಲೆಂಡಿಗೆ ಹೋಗಿ 100 ಗಜಗಳನ್ನು ಒಂದು ನಿಮಿಷದೊಳಗೆ ಈಜಿದ. ಈಜಿಗೆ ‘ಆಸ್ಟ್ರೇಲಿಯನ್ ಕ್ರಾಲ್’ ಎಂದು ನಾಮಕರಣವಾಯಿತು. ಮಗು ಒಬ್ಬರದು, ಹೆಸರಿಟ್ಟವರು ಇನ್ನೊಬ್ಬರು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ 100 ಮೀಟರಿನ ಚಿನ್ನ ಗೆದ್ದ ಡ್ಯೂಕ್ ಕಹನಮೊಕು ಹವಾಯಿಯ ಮೂಲನಿವಾಸಿ. ವೈಕೀಕಿಯ ಕಡಲಲ್ಲಿ ಬೆಳೆದವನಿಗೆ ಈ ಕಾಲುಬಡಿತವನ್ನು ಯಾರೂ ಕಂಡುಹಿಡಿದು ಕೊಡಬೇಕಾಗಿರಲಿಲ್ಲ.

ಟ್ರಯಥ್ಲಾನ್ ಎಂಬ ಹೆಸರಿನ ಪಂದ್ಯ 1974ರಲ್ಲಿ ಅಮೆರಿಕದ ಸಾನ್ ಡಿಯಾಗೊದಲ್ಲಿ ನಡೆದಾಗ ಈಜು ಕೊನೆಗಿತ್ತು. ಓಡಿ ದಣಿದವರು ನೀರಿಗೆ ಇಳಿಯಬೇಕಾಗಿತ್ತು. ಅದರಲ್ಲಿ ಭಾಗವಹಿಸಿದ್ದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮುಂದೆ ಹವಾಯಿಯಲ್ಲಿ ‘ಐರನ್‌ಮ್ಯಾನ್’ ಹೂಡಿದಾಗ ಈಜನ್ನು ಮೊದಲಿಗೆ ತಂದರು. 1978ರ ಫೆಬ್ರವರಿ 18ರಂದು ಹದಿನೈದು ಮಂದಿ ಹೊರಟರು, ಹನ್ನೆರಡು ಮಂದಿ ಮುಗಿಸಿದರು. ಅವರು ಮೊದಲು ಇಳಿದದ್ದು ಡ್ಯೂಕ್ ಈಜಿದ ಅದೇ ವೈಕೀಕಿಯ ನೀರಿಗೆ.

ಈಗ ನನಗೆ ವಾರಕ್ಕೆ ಮೂರು ದಿನ ಕಾಲಿನದೇ ಪಾಠ. ಕೈಗೊಂದು ಹಲಗೆ ಕೊಟ್ಟು, "ಮಂಡಿಯಿಂದ ಬೇಡ ಸಾರ್, ತೊಡೆಯ ಬುಡದಿಂದ ಒದೀರಿ, ಪಾದ ಸಡಿಲ ಬಿಡಿ" ಎನ್ನುತ್ತಾನೆ ಆ ಹುಡುಗ. ಸೈಕಲ್ಲು, ಓಟಗಳಿಂದ ಬಿಗಿದುಹೋದ ಪಾದದ ಕೀಲು ಸುಲಭಕ್ಕೆ ಸಡಿಲವಾಗುವುದಿಲ್ಲ. ಮೊನ್ನೆ ಹೀಗೇ ಒದೆಯುತ್ತಿದ್ದಾಗ ಪಕ್ಕದ ಸಾಲಿನಲ್ಲಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ನಿಂತು ನೋಡಿ ಕೇಳಿದಳು:

"ಅಂಕಲ್, ನೀವು ಯಾಕೆ ಹಿಂದಕ್ಕೆ ಹೋಗ್ತಿದೀರಾ?"